ಸೂಜಿಯ ಭಾರ: ಡಯಲ್ ಸಾಕೇ, ಡಿಜಿಟಲ್ ಮಾಪಕ ಬೇಕೇ?

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ನಮ್ಮ ಬೆಳಗಾವಿಯ ಹತ್ತಿರದ ಊರು. ಅವರ ಹಳೆಯ ಎಲ್‌ಪಿಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಸೂಜಿಯ ಭಾರವನ್ನು, ಅಂದರೆ ಪ್ಲೇಯರಿನ ಸೂಜಿ ರೆಕಾರ್ಡನ್ನು ಒತ್ತುವ ಭಾರವನ್ನು, ಅಂದಾಜಿಗೆ ಬಿಡಬಾರದು.

ಟೋನ್‌ಆರ್ಮಿನ, ಅಂದರೆ ಸೂಜಿಯನ್ನು ಹೊತ್ತ ತೋಳಿನ, ಹಿಂಬದಿಯ ಡಯಲ್‌ಗೆ ಬೇರೆ ಖರ್ಚಿಲ್ಲ. ತೋಳು ಒಳಕ್ಕೆ ಸೆಳೆಯಲ್ಪಡುವುದನ್ನು ಸರಿದೂಗಿಸುವ ಆಂಟಿಸ್ಕೇಟಿಂಗ್ ಅನ್ನು ಸೊನ್ನೆಗಿಟ್ಟು, ಸೂಜಿಯ ಮುಚ್ಚಳ ತೆಗೆದು, ತೋಳು ಸಮತಲವಾಗಿ ತೇಲುವವರೆಗೆ ಹಿಂಬದಿಯ ಭಾರವನ್ನು ತಿರುಗಿಸಿ, ಅನಂತರ ಡಯಲನ್ನಷ್ಟೇ, ಅಂದರೆ ಅಂಕಿಯ ಉಂಗುರವನ್ನಷ್ಟೇ, ಸೊನ್ನೆಗೆ ತಂದು, ಕೊನೆಗೆ ಎರಡನ್ನೂ ಒಟ್ಟಿಗೆ ಬೇಕಾದ ಗ್ರಾಂಗೆ ತಿರುಗಿಸಬೇಕು. ತೇಲುವುದನ್ನು ಕಣ್ಣಳತೆಯಲ್ಲೇ ನಿರ್ಧರಿಸುವುದರಿಂದ ಅಲ್ಲಾದ ತಪ್ಪು ಕೊನೆಯ ಅಂಕಿಗೂ ಸೇರಿಕೊಳ್ಳುತ್ತದೆ. ನನ್ನ ಹಳೆಯ ಪ್ಲೇಯರಿನ ಡಯಲ್ 1.8 ಎಂದಾಗ ಮಾಪಕ 1.52 ತೋರಿಸಿತು, ತಾರಸಪ್ತಕದಲ್ಲಿ ದನಿ ಒಡೆದು ಕೇಳುತ್ತಿದ್ದ ಕಾರಣ ಅಂದು ತಿಳಿಯಿತು. ಭಾರ ಹಗುರವಾದರೆ ರೆಕಾರ್ಡ್ ಸುರಕ್ಷಿತವೆಂಬ ನಂಬಿಕೆ ತಪ್ಪು, ಏಕೆಂದರೆ ಹಿಡಿತ ತಪ್ಪಿದ ಸೂಜಿ ಗೀರಿನ ಗೋಡೆಗೆ ಬಡಿದು ಅದನ್ನು ಕೆಡಿಸುತ್ತದೆ.

ಡಿಜಿಟಲ್ ಮಾಪಕ ಸಾಮಾನ್ಯವಾಗಿ 0.01 ಗ್ರಾಂವರೆಗೆ ತೋರಿಸುತ್ತದೆ. ಸೂಜಿಯನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಬಿಡಿಭಾಗವೇ ಕಾರ್ಟ್ರಿಜ್. ಆರ್ಟೊಫಾನ್ ಕಂಪನಿಯ 2ಎಂ ರೆಡ್ ಕಾರ್ಟ್ರಿಜ್‌ಗೆ ಸೂಚಿಸಿರುವುದು 1.8 ಗ್ರಾಂ, ಅಷ್ಟನ್ನು ನಿಖರವಾಗಿ ಹೊಂದಿಸಲು ಇದು ನೆರವಾಗುತ್ತದೆ. ಆದರೆ ಅಳೆಯುವ ತಟ್ಟೆ ರೆಕಾರ್ಡಿನ ಎತ್ತರದಲ್ಲೇ ಇರಬೇಕು, ಮೂವಿಂಗ್ ಕಾಯಿಲ್ (ಒಳಗೆ ತಂತಿಸುರುಳಿ ಅಲುಗುವ ಬಗೆಯ) ಕಾರ್ಟ್ರಿಜ್ ಇದ್ದರೆ ತಟ್ಟೆಯು ಅದರ ಅಯಸ್ಕಾಂತ ಸೆಳೆಯುವಂಥ ಲೋಹದ್ದಾಗಿರಬಾರದು.

ಹೊಸ ಪ್ಲೇಯರ್ ಮತ್ತು ಒಂದೇ ಕಾರ್ಟ್ರಿಜ್ ಇರುವವರು ಡಯಲನ್ನು ಎರಡು ಬಾರಿ ಹೊಂದಿಸಿ ನೋಡಿದರೆ ಸಾಕು. ಹಳೆಯ ಪ್ಲೇಯರ್ ಕೊಂಡವರು, ಕಾರ್ಟ್ರಿಜ್ ಬದಲಿಸುವವರು ಮಾಪಕವನ್ನೇ ಆರಿಸಿಕೊಳ್ಳಲಿ. ಯಾವುದನ್ನು ಬಳಸಿದರೂ ಕೊನೆಗೆ ಆಂಟಿಸ್ಕೇಟಿಂಗ್ ಅನ್ನು ಅದೇ ಅಂಕಿಗೆ ತಂದು ಆರಂಭಿಸಬೇಕು.