ಅಸರ್ ಇಂಗ್ಲಿಷ್ ಹಾಳೆ: ತರಗತಿಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಒಂದು ಎ4 ಹಾಳೆ. ಬೆಲೆ ಇಲ್ಲ, ಅಸರ್ ಕೇಂದ್ರದ ಜಾಲತಾಣದಿಂದ ಇಳಿಸಿಕೊಂಡು ಜೆರಾಕ್ಸ್ ಮಾಡಿಸಿದರೆ ಆಯಿತು. ಒಂದು ಮಗುವಿಗೆ ಹೆಚ್ಚೆಂದರೆ ಐದು ನಿಮಿಷ. ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಎಂದು ತಿಳಿಯಲು ಪ್ರಥಮ್ ಸಂಸ್ಥೆ ನಡೆಸುವ ಅಸರ್ ಸಮೀಕ್ಷೆಗೆಂದು ಹುಟ್ಟಿದ ಈ ಇಂಗ್ಲಿಷ್ ಓದಿನ ಹಾಳೆ ಸಮೀಕ್ಷೆಯಾಚೆಗೂ ಬಳಕೆಗೆ ಒದಗುವಂಥದ್ದು. ಹಿಂದಿನ ತರಗತಿಯ ಕಲಿಕೆಯನ್ನು ನೋಡಿಕೊಳ್ಳುವ ಜೂನ್ ತಿಂಗಳ ಸೇತುಬಂಧದ ಹೊತ್ತಿಗೆ ಶಾಲೆಯಲ್ಲಿ, ಮನೆಪಾಠದಲ್ಲಿ, ಸಂಜೆ ತರಗತಿಯಲ್ಲಿ ಇದನ್ನು ಕೈಗೆತ್ತಿಕೊಳ್ಳಬಹುದು. ಮಗು ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತದೋ ಇಲ್ಲವೋ ಎಂದು ಬೇಗ ತಿಳಿಯಲು ಇದಕ್ಕಿಂತ ಸುಲಭದ ಸಾಧನ ನಮಗೆ ಗೊತ್ತಿಲ್ಲ. ಓದಿದ್ದು ಅರ್ಥವಾಗಿದೆಯೇ ಎಂದು ತಿಳಿಯಲು ಮಾತ್ರ ಹಾಳೆಯೊಂದೇ ಸಾಲದು. ಅದಕ್ಕೆ ಒಂದೆರಡು ನಿಮಿಷದ ಕೆಲಸ ಸೇರಿಸಬೇಕು, ಮತ್ತು ಆರನೇ ತರಗತಿಯಿಂದ ಮೇಲಕ್ಕೆ ಬೇರೆಯದೇ ಸಾಧನ ಬೇಕು.

ಹಾಳೆಯಲ್ಲಿ ನಾಲ್ಕು ಮೆಟ್ಟಿಲು: ದೊಡ್ಡಕ್ಷರ, ಸಣ್ಣಕ್ಷರ, ಸರಳ ಪದ, ಸರಳ ವಾಕ್ಯ. ಅಸರ್‌ನ ಕನ್ನಡ ಹಾಳೆಯಲ್ಲಿ ಪ್ಯಾರಾದಿಂದ ಶುರು ಮಾಡಿ, ಮಗು ಎಡವಿದರೆ ಪದಕ್ಕೆ, ಅಕ್ಷರಕ್ಕೆ ಇಳಿಯುತ್ತಾರೆ. ಇಂಗ್ಲಿಷಿನದು ತಿರುಗುಮುರುಗು, ದೊಡ್ಡಕ್ಷರದಿಂದ ಮೇಲಕ್ಕೆ ಹತ್ತಬೇಕು. ಅಕ್ಷರ ಮತ್ತು ಪದಗಳ ಹಂತದಲ್ಲಿ ಐದನ್ನು ಓದಿಸಿ, ನಾಲ್ಕು ಸರಿ ಬಂದರೆ ಮುಂದಿನ ಮೆಟ್ಟಿಲು. ವಾಕ್ಯಗಳು ನಾಲ್ಕಿರುತ್ತವೆ, ಅವುಗಳಲ್ಲಿ ಎರಡನ್ನು ತಡವರಿಸದೆ ಓದಿದರೆ ಆ ಮಗು ವಾಕ್ಯದ ಹಂತದಲ್ಲಿದೆ. 'ವಾಟ್ ಈಸ್ ದ ಟೈಮ್', 'ಶೀ ಹ್ಯಾಸ್ ಮೆನಿ ಬುಕ್ಸ್' ಥರದ ವಾಕ್ಯಗಳು. ನಾಲ್ಕೈದು ಪದ, ಒಂದೇ ಕ್ರಿಯಾಪದ, ಕಷ್ಟದ ರಚನೆ ಯಾವುದೂ ಇಲ್ಲ. ಕೊನೆಗೆ, ಪದದ ಹಂತದಲ್ಲಿ ನಿಂತ ಮಗು ಪದಗಳ ಅರ್ಥ ಹೇಳಬೇಕು, ವಾಕ್ಯ ಓದಿದ ಮಗು ವಾಕ್ಯಗಳ ಅರ್ಥ ಹೇಳಬೇಕು. ತನ್ನ ಭಾಷೆಯಲ್ಲಿ.

ಈ ಕೊನೆಯ ನಿಯಮವೇ ಹಾಳೆಯ ಅತಿ ದೊಡ್ಡ ಗುಣ. ಅರ್ಥವನ್ನು ಇಂಗ್ಲಿಷಿನಲ್ಲೇ ಹೇಳು ಎಂದರೆ ಓದುವ ಪರೀಕ್ಷೆ ಮಾತಾಡುವ ಪರೀಕ್ಷೆಯಾಗಿಬಿಡುತ್ತದೆ. ವಾಕ್ಯ ಚೆನ್ನಾಗಿ ಅರ್ಥವಾದ ಮಗುವೂ ಬಾಯಿ ಕಟ್ಟಿ ನಿಲ್ಲುತ್ತದೆ. 'ಐ ಲೈಕ್ ಟು ರೀಡ್' ಎಂಬುದಕ್ಕೆ 'ನಂಗೆ ಓದೋದಂದ್ರ ಇಷ್ಟ' ಎಂದು ತನ್ನ ಮಾತಿನಲ್ಲಿ ಹೇಳಿದ ಮಗು ಅರ್ಥ ಮಾಡಿಕೊಂಡಿದೆ, ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಪುಸ್ತಕದ ಕನ್ನಡದಲ್ಲೇ ಹೇಳಲಿ ಎಂದು ಒತ್ತಾಯಿಸಲೂಬಾರದು. ಮನೆಮಾತು ತುಳುವೋ ಉರ್ದುವೋ ಲಂಬಾಣಿಯೋ ಆಗಿದ್ದರೆ ಆ ಭಾಷೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಓದು ಮತ್ತು ಅರ್ಥವನ್ನು ಬೇರೆ ಬೇರೆ ದಾಖಲಿಸುವುದರಿಂದ ಏನು ಕಾಣುತ್ತದೆ ಎಂಬುದಕ್ಕೆ ಅಸರ್‌ನ ಅಂಕಿಗಳೇ ಸಾಕ್ಷಿ. 2022ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಿದವರು ಸುಮಾರು ನಾಲ್ವರಲ್ಲಿ ಒಬ್ಬರು. 2016ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. 14ರಿಂದ 18 ವಯಸ್ಸಿನವರನ್ನು ನೋಡಿದ 2023ರ ಸಮೀಕ್ಷೆಯಲ್ಲಿ ವಾಕ್ಯ ಓದಿದವರು ಶೇ. 57.3, ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಸುಮಾರು ಮುಕ್ಕಾಲು ಭಾಗ. ಅಂದರೆ ಗಟ್ಟಿಯಾಗಿ, ಸರಿಯಾಗಿ ಓದಿ ತೋರಿಸಿದ ಹದಿಹರೆಯದವರಲ್ಲೂ ಸುಮಾರು ಕಾಲು ಭಾಗದಷ್ಟು ಜನರಿಗೆ ನಾಲ್ಕು ಪದದ ವಾಕ್ಯ ಏನು ಹೇಳುತ್ತಿದೆ ಎಂದು ತಿಳಿದಿರಲಿಲ್ಲ. ಓದಿಸಿ 'ಗುಡ್' ಹೇಳಿ ಕೂರಿಸುವ ತರಗತಿಯಲ್ಲಿ ಈ ಕಾಲು ಭಾಗ ಕಣ್ಣಿಗೇ ಬೀಳುವುದಿಲ್ಲ.

ಇನ್ನು ತರಗತಿಯಲ್ಲಿ ಬಳಸುವಾಗ ಎಡವುವ ಜಾಗಗಳು.

ಮೊದಲನೆಯದು ಪದಗಳ ಪಟ್ಟಿ. ಪದಗಳು ಚಿಕ್ಕವು, ಹೆಚ್ಚಿನವು ಮೂರಕ್ಷರದವು. ಅವುಗಳಲ್ಲಿ ಬಸ್, ಫ್ಯಾನ್, ಪೆನ್ ಥರದ ಪದ ಬಂದರೆ ಅರ್ಥದ ಪ್ರಶ್ನೆ ಸತ್ತುಹೋಯಿತು. ಇವು ಆಗಲೇ ಕನ್ನಡದ ಪದಗಳು. 'ಬಸ್ ಅಂದ್ರೆ ಏನು?' ಎಂದರೆ 'ಬಸ್ಸು' ಎನ್ನುತ್ತದೆ ಮಗು. ಅದು ಸರಿಯೇ, ಆದರೆ ಇಂಗ್ಲಿಷ್ ಪದಸಂಪತ್ತಿನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಅರ್ಥ ಕೇಳುವ ಐದು ಪದಗಳಲ್ಲಿ ಇಂಥದ್ದು ಒಂದಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ. ರೆಡ್, ಸನ್, ವೆಟ್, ಹಿಲ್, ಸಿಟ್ ಥರದವು ನಿಜವಾದ ಪರೀಕ್ಷೆ.

ಎರಡನೆಯದು ಆಯ್ಕೆ. ಯಾವ ಐದು ಅಕ್ಷರ ಓದಬೇಕೆಂಬುದನ್ನು ಮಗುವಿಗೇ ಬಿಡುವುದು ಅಸರ್ ಕ್ರಮ. ಮನೆ ಬಾಗಿಲಿಗೆ ಬಂದ ಅಪರಿಚಿತರೆದುರು ಮಗು ಬೆದರಬಾರದೆಂಬ ದೃಷ್ಟಿಯಿಂದ ಅದು ಸರಿ. ತರಗತಿಯಲ್ಲಿ ಮಾತ್ರ ಮಗು ತನಗೆ ಗೊತ್ತಿರುವುದನ್ನೇ ಆರಿಸಿ ಮೇಲಕ್ಕೆ ಹೋಗಿಬಿಡುತ್ತದೆ. ಮೊದಲ ಎರಡನ್ನು ಮಗು ಆರಿಸಲಿ, ಉಳಿದ ಮೂರನ್ನು ನೀವು ಬೆರಳಿಟ್ಟು ತೋರಿಸಿ. ಸಣ್ಣಕ್ಷರಗಳಲ್ಲಿ ಬಿ-ಡಿ, ಪಿ-ಕ್ಯೂ ಜೋಡಿಗಳಲ್ಲಿ ಒಂದಾದರೂ ಇರಲಿ, ಅಲ್ಲೇ ಹೆಚ್ಚು ಎಡವುವುದು. ಹೊಸ ಹಾಳೆ ನೀವೇ ಟೈಪ್ ಮಾಡುವುದಾದರೆ ಸಣ್ಣ ಎ ಮತ್ತು ಜಿ ಆಕಾರ ನೋಡಿಕೊಳ್ಳಿ. ಕಾಪಿಪುಸ್ತಕದಲ್ಲಿ ಮಗು ತಿದ್ದಿದ ಎ ಬೇರೆ, ಕಂಪ್ಯೂಟರಿನ ಹಲವು ಅಕ್ಷರವಿನ್ಯಾಸಗಳಲ್ಲಿ ತಲೆಯ ಮೇಲೆ ಕೊಕ್ಕೆ ಇರುವ ಎ ಬೇರೆ. ಆಕಾರ ಗುರುತಾಗದ ಮಗುವನ್ನು ಓದು ಬಾರದ ಮಗು ಎಂದು ಬರೆದುಕೊಳ್ಳುವ ಅಪಾಯ ಇಲ್ಲಿದೆ.

ಉಚ್ಚಾರಣೆಯ ವಿಷಯದಲ್ಲಿ ಉದಾರವಾಗಿರಬೇಕು. 'ಹೌಸ್' ಎನ್ನುವುದನ್ನು 'ಔಸ್' ಎಂದರೆ, 'ಸ್ಕೂಲ್' ಎನ್ನುವುದನ್ನು 'ಇಸ್ಕೂಲ್' ಎಂದರೆ ಅದು ನಾಲಿಗೆಯ ರೂಢಿ, ಓದಿನ ತಪ್ಪಲ್ಲ. 'ಲೈಕ್' ಅನ್ನು 'ಲಿಕೆ', 'ಲಾರ್ಜ್' ಅನ್ನು 'ಲಾರ್ಗೆ' ಎಂದರೆ ಮಾತ್ರ ತಪ್ಪು. ಬರೆದಂತೆ ಓದುವ ಕನ್ನಡದ ಅಭ್ಯಾಸವನ್ನು ಮಗು ಇಂಗ್ಲಿಷಿಗೂ ತಂದಿದೆ, ಪದದ ಕೊನೆಯ ಇ ಮೌನವೆಂಬುದು ಅದಕ್ಕಿನ್ನೂ ಸಿಕ್ಕಿಲ್ಲ. ಇಂಥ ತಪ್ಪನ್ನು ಕೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವಾರದ ಪಾಠ ಅಲ್ಲೇ ಸಿಗುತ್ತದೆ. 'ಮೆನಿ' ಎಂಬುದನ್ನು 'ಮನಿ' ಎಂದು ಓದಿದ ಧಾರವಾಡ ಕಡೆಯ ಮಗು ಅರ್ಥ ಕೇಳಿದಾಗ 'ಮನೆ' ಎಂದರೆ ಆಶ್ಚರ್ಯಪಡಬೇಕಿಲ್ಲ. ತಾನು ಓದಿದ ಧ್ವನಿಗೆ ತನಗೆ ಗೊತ್ತಿದ್ದ ಅರ್ಥವನ್ನು ಅದು ಹುಡುಕಿದೆ. ಅರ್ಥ ಹುಡುಕುವ ಮನಸ್ಸು ಆ ಮಗುವಿಗಿದೆ, ಕೈಕೊಟ್ಟಿದ್ದು ಕಾಗುಣಿತ.

ಅರ್ಥಕ್ಕೆ ಅಂಕ ಕೊಡುವಲ್ಲಿ ಗೊಂದಲ ಹೆಚ್ಚು. 'ವಾಟ್ ಈಸ್ ದ ಟೈಮ್' ಓದಿದ ಮಗು ಗೋಡೆಯ ಗಡಿಯಾರ ನೋಡಿ 'ಹನ್ನೊಂದೂವರೆ' ಎಂದರೆ? ಸರಿ ಎಂದೇ ಬರೆಯಿರಿ, ಅರ್ಥವಾಗದೆ ಆ ಉತ್ತರ ಬರುವುದಿಲ್ಲ. 'ಟೈಮ್' ಎಂದಷ್ಟೇ ಹೇಳಿ ನಿಲ್ಲಿಸಿದರೆ ಸರಿಯಲ್ಲ, ಅದು ಒಂದು ಪದ ಮಾತ್ರ. 'ಶೀ ಹ್ಯಾಸ್ ಮೆನಿ ಬುಕ್ಸ್' ಎಂಬುದಕ್ಕೆ 'ಅವಳ ಪುಸ್ತಕ' ಎಂದರೆ ಅರ್ಧ ಬಂದಿದೆ. 'ಎಷ್ಟು ಪುಸ್ತಕ?' ಎಂದು ಒಂದೇ ಒಂದು ಸಲ ಕೇಳಿ. 'ತುಂಬಾ' ಎಂದರೆ ಸರಿ, ಸುಮ್ಮನಿದ್ದರೆ ತಪ್ಪು. ಈ ತೀರ್ಮಾನಗಳನ್ನು ಪರೀಕ್ಷೆಗೆ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಬೆಳಗಿನ ಮಗುವಿಗೊಂದು ನ್ಯಾಯ, ಮಧ್ಯಾಹ್ನದ ಮಗುವಿಗೊಂದು ನ್ಯಾಯವಾಗುತ್ತದೆ.

ಹಾಳೆಯ ನಿಜವಾದ ಕೊರತೆ ಇದಾವುದೂ ಅಲ್ಲ. ಮಗುವಿಗೆ ಅರ್ಥವಾಗಲಿಲ್ಲ ಎಂದು ಹಾಳೆ ಹೇಳುತ್ತದೆ, ಏಕೆ ಆಗಲಿಲ್ಲ ಎಂದು ಹೇಳುವುದಿಲ್ಲ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಮುಂದಿಟ್ಟ ಸರಳ ಸೂತ್ರವೊಂದಿದೆ: ಓದಿನ ಗ್ರಹಿಕೆ ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ಅರ್ಥವಾಗುವ ಶಕ್ತಿ. ಕೂಡುವುದಲ್ಲ, ಗುಣಿಸುವುದು, ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆ. ಕನ್ನಡ ಓದಲು ಕಲಿಯುವ ಮಗುವಿಗೆ ಕನ್ನಡ ಮೊದಲೇ ಗೊತ್ತಿರುತ್ತದೆ, ಅಕ್ಷರ ಬಿಡಿಸಿದ ಕೂಡಲೇ ಅರ್ಥ ಕಾದಿರುತ್ತದೆ. ಇಂಗ್ಲಿಷ್ ಎರಡನೇ ಭಾಷೆಯಾದ ಮಗುವಿಗೆ ಹಾಗಲ್ಲ. ಬಾಯಿ ಓದುತ್ತದೆ, ಕಿವಿಗೆ ಆ ಪದ ಹೊಸದು.

ಆದ್ದರಿಂದ ಕೇಳಿಸುವ ಒಂದು ನಿಮಿಷವನ್ನು ಸೇರಿಸಿ. ಅಸರ್ ಹಾಳೆಗೆ ನಾಲ್ಕು ಮಾದರಿಗಳಿವೆ. ಮೊದಲ ಮಾದರಿಯಲ್ಲಿ ಮಗು ಓದಲಿ. ಎರಡನೇ ಮಾದರಿಯ ನಾಲ್ಕು ವಾಕ್ಯಗಳನ್ನು ನೀವು ಓದಿ ಹೇಳಿ, ಮಗು ಹಾಳೆ ನೋಡದೆ ಅರ್ಥ ಹೇಳಲಿ. ಅದೇ ವಾಕ್ಯಗಳನ್ನು ಮತ್ತೆ ಬಳಸಬೇಡಿ, ಎರಡನೇ ಸಲ ಕೇಳಿದ್ದರ ಲಾಭ ಬೆರೆತುಹೋಗುತ್ತದೆ. ಓದುವಾಗ ಕೈಸನ್ನೆ ಬೇಡ. 'ಲಾರ್ಜ್' ಎನ್ನುತ್ತಾ ಕೈ ಅಗಲಿಸುವುದು ಮೇಷ್ಟ್ರಿಗೆ ಗೊತ್ತಾಗದೆಯೇ ಆಗುವ ಸಹಾಯ.

ಓದಲಾರದ, ಕೇಳಿದರೆ ಅರ್ಥವಾಗುವ ಮಗುವಿಗೆ ಬೇಕಿರುವುದು ಅಕ್ಷರ-ಧ್ವನಿಯ ಅಭ್ಯಾಸ. ಲೀಲಾಜಾಲವಾಗಿ ಓದಿ, ಓದಿದರೂ ಕೇಳಿದರೂ ಅರ್ಥವಾಗದ ಮಗುವಿಗೆ ಇನ್ನಷ್ಟು ಗಟ್ಟಿ ಓದು ಮಾಡಿಸುವುದು ವ್ಯರ್ಥ ಶ್ರಮ. ಅದಕ್ಕೆ ಪದ ಬೇಕು, ಮಾತು ಬೇಕು, ಕಥೆ ಕೇಳಿಸಬೇಕು. ಸರಿಯಾಗಿ ಓದಿಯೂ ಅರ್ಥ ಹೇಳದೆ, ಕೇಳಿದಾಗ ಮಾತ್ರ ಹೇಳುವ ಮಗು ಮೂರನೆಯ ಬಗೆ. ಅದರ ಗಮನವೆಲ್ಲ ಅಕ್ಷರ ಕೂಡಿಸುವುದರಲ್ಲೇ ಖರ್ಚಾಗುತ್ತಿದೆ. ಸುಲಭದ ಪಠ್ಯವನ್ನು ಮತ್ತೆ ಮತ್ತೆ ಓದಿದರೆ ಹಗುರಾಗುತ್ತದೆ. ಈ ಮೂವರನ್ನೂ ಒಂದೇ 'ನಿಧಾನ ಕಲಿಕೆ'ಯ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆರು, ಏಳಕ್ಕೆ ಬಂದವರಲ್ಲಿ ಒಂದಷ್ಟು ಮಂದಿ ಅಸರ್ ವಾಕ್ಯಗಳನ್ನು ಸಲೀಸಾಗಿ ದಾಟುತ್ತಾರೆ. ಹಾಳೆ ಅಲ್ಲಿಗೆ ಮುಗಿಯಿತು. ವಾಕ್ಯಕ್ಕೆ ವಾಕ್ಯ ಹೊಂದಿಸುವುದು, ಹೇಳದೆ ಬಿಟ್ಟಿದ್ದನ್ನು ಊಹಿಸುವುದು ಅದರ ವ್ಯಾಪ್ತಿಯಲ್ಲೇ ಇಲ್ಲ. ಅವರಿಗೆ ಇಜಿಆರ್‌ಎ (ಅರ್ಲಿ ಗ್ರೇಡ್ ರೀಡಿಂಗ್ ಅಸೆಸ್‌ಮೆಂಟ್) ಎಂಬ ಇನ್ನೊಂದು ಓದಿನ ಪರೀಕ್ಷೆಯ ಮಾದರಿ ಹೊಂದುತ್ತದೆ: ಸುಮಾರು 60 ಪದದ ಒಂದು ಪ್ಯಾರಾ, ಐದು ಪ್ರಶ್ನೆ. ಅಲ್ಲಿ 60 ಸೆಕೆಂಡಿನ ಗಡುವಿದೆ, ಓದಿದಷ್ಟು ಭಾಗಕ್ಕೆ ಮಾತ್ರ ಪ್ರಶ್ನೆ ಕೇಳುತ್ತಾರೆ. ನಿಧಾನಕ್ಕೆ ಓದುವ ಮಗು ಇದರಿಂದ ಗ್ರಹಿಕೆಯಲ್ಲೂ ಕಡಿಮೆ ಅಂಕ ಪಡೆಯುತ್ತದೆ. ತರಗತಿಗೆ ಈ ಗಡುವು ಬೇಡ. 60 ಸೆಕೆಂಡಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮಗು ಕೊನೆಯವರೆಗೂ ಓದಲಿ, ಹಾಳೆ ಅದರ ಕೈಯಲ್ಲೇ ಇರಲಿ. ನಾವು ಅಳೆಯುತ್ತಿರುವುದು ನೆನಪನ್ನಲ್ಲ.

ಪ್ಯಾರಾ ಬರೆಯುವುದು ಸುಲಭ, ಪ್ರಶ್ನೆ ಬರೆಯುವುದು ಕಷ್ಟ. ಒಂದು ಉದಾಹರಣೆ: ಮೀನಾಳ ಮೇಕೆ ಹಗ್ಗ ಕಡಿದುಕೊಂಡು ಅಜ್ಜಿಯ ಅವರೆ ಗಿಡ ತಿನ್ನುತ್ತದೆ. ಸಂತೆಯಿಂದ ಅಜ್ಜಿ ಬರುವುದನ್ನು ಕಂಡು ಮೀನಾ ಬಾಗಿಲ ಹಿಂದೆ ಅಡಗುತ್ತಾಳೆ. ಮೇಕೆಯ ಹೊಟ್ಟೆ ನೋಡಿ ಅಜ್ಜಿ ನಗುತ್ತಾಳೆ. ಇದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೀರಿ ಎನ್ನಿ. 'ಮೇಕೆ ಏನು ತಿಂತು?' ಎಂಬುದು ಕೆಟ್ಟ ಪ್ರಶ್ನೆ. ಒಂದು ಪದವೂ ಓದದ ಮಗು 'ಗಿಡ' ಎನ್ನುತ್ತದೆ. 'ಅಜ್ಜಿ ಎಲ್ಲಿಗೆ ಹೋಗಿದ್ದರು?' ಸರಿ. 'ಮೀನಾ ಏಕೆ ಅಡಗಿದಳು?' ಇನ್ನೂ ಒಳ್ಳೆಯದು, ಉತ್ತರ ಯಾವ ಸಾಲಿನಲ್ಲೂ ನೇರವಾಗಿ ಇಲ್ಲ. 'ಅಜ್ಜಿಗೆ ಸಿಟ್ಟು ಬಂತಾ? ಹೇಗೆ ಗೊತ್ತಾಯ್ತು?' ಎಂಬುದು ಎಲ್ಲಕ್ಕಿಂತ ಒಳ್ಳೆಯದು. ಗೊತ್ತಾದ ಸಾಲಿನ ಮೇಲೆ ಮಗು ಬೆರಳಿಡಬೇಕು. ಐದರಲ್ಲಿ ಮೂರು ನೇರ, ಎರಡು ಊಹೆಯ ಪ್ರಶ್ನೆ ಸಾಕು. ಪ್ಯಾರಾ ಓದದ ಮೂರ್ನಾಲ್ಕು ಮಕ್ಕಳಿಗೆ ಪ್ರಶ್ನೆಗಳನ್ನು ಮೊದಲು ಕೇಳಿ ನೋಡಿ, ಅವರು ಸರಿಯಾಗಿ ಉತ್ತರಿಸಿದ್ದನ್ನು ತೆಗೆದುಹಾಕಿ.

ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಿ. ಇಂಗ್ಲಿಷಿನಲ್ಲಿ ಕೇಳಿದರೆ ಪದ ಹೊಂದಿಸಿ ಉತ್ತರ ಎತ್ತುವ ಚಾಳಿ ಮುಂದೆ ಬರುತ್ತದೆ. 'ದ ಟಿಗ್ ವೆಂಟ್ ಟು ದ ಮೋಪ್' ಎಂಬ ಅರ್ಥವಿಲ್ಲದ ವಾಕ್ಯ ಬರೆದು 'ವೇರ್ ಡಿಡ್ ದ ಟಿಗ್ ಗೋ?' ಎಂದು ಕೇಳಿ ನೋಡಿ, 'ಮೋಪ್' ಎಂಬ ಉತ್ತರ ಬಂದೇ ಬರುತ್ತದೆ. ಪಾಠದ ಕೊನೆಯ ಅನೇಕ ಪ್ರಶ್ನೆಗಳಿಗೆ ಮಕ್ಕಳು ಬರೆಯುವ ಉತ್ತರ ಇದೇ ಜಾತಿಯದು.

ಇಡೀ ತರಗತಿಗೆ ಒಟ್ಟಿಗೆ ಕೊಡಲು ಖಾಲಿ ಜಾಗ ತುಂಬುವ ಕ್ಲೋಜ್ ಪರೀಕ್ಷೆ ಇದೆ, 1953ರಿಂದಲೂ ಬಳಕೆಯಲ್ಲಿರುವುದು. ಎಣಿಸಿ ಪ್ರತಿ ಏಳನೇ ಪದ ಅಳಿಸಿದರೆ 'ಎ', 'ದ' ಎಂಬ ಆರ್ಟಿಕಲ್‌ಗಳೂ ಅಳಿಸಿಹೋಗುತ್ತವೆ. ಕನ್ನಡದಲ್ಲಿ ಆ ವ್ಯವಸ್ಥೆಯೇ ಇಲ್ಲವಾದ್ದರಿಂದ ಅರ್ಥ ಗೊತ್ತಿದ್ದವರಿಗೂ ಅಂಕ ಹೋಗುತ್ತದೆ. ಎಣಿಸಬೇಡಿ, ಹಿಂದಿನ ವಾಕ್ಯ ಅರ್ಥವಾಗಿದ್ದರೆ ಮಾತ್ರ ತುಂಬಬಹುದಾದ ಹದಿನೈದು ಇಪ್ಪತ್ತು ಪದಗಳನ್ನು ಆರಿಸಿ ಅಳಿಸಿ.

ಕೊನೆಯದಾಗಿ ಏರ್ಪಾಟು. ಹಾಳೆಗಳನ್ನು ಲ್ಯಾಮಿನೇಷನ್ ಮಾಡಿಸಿ, ಇಲ್ಲದಿದ್ದರೆ ಹತ್ತನೇ ಮಗುವಿನ ಹೊತ್ತಿಗೆ ಬೆರಳಿಟ್ಟ ಜಾಗ ಮಸುಕಾಗುತ್ತದೆ. ಮಗುವನ್ನು ಕಾರಿಡಾರಿಗೆ ಒಬ್ಬೊಬ್ಬರಾಗಿ ಕರೆಯಿರಿ. ತರಗತಿಯೊಳಗೆ ಮಾಡಿದರೆ ಮೂರನೇ ಮಗುವಿನಿಂದಾಚೆ ಎಲ್ಲರಿಗೂ ವಾಕ್ಯ ಬಾಯಿಪಾಠವಾಗಿರುತ್ತದೆ, ಮಾದರಿ ಬದಲಿಸುತ್ತಿರಿ. ಕೇಳಿಸುವುದೂ ಸೇರಿ ಮಗುವಿಗೆ ಏಳು ನಿಮಿಷ ಎಂದು ಲೆಕ್ಕ ಹಾಕಿದರೆ, 30 ಮಕ್ಕಳ ತರಗತಿಗೆ ದಿನಕ್ಕೊಂದು 40 ನಿಮಿಷದ ಪೀರಿಯಡ್‌ನಲ್ಲಿ ಐದು ಮಕ್ಕಳಂತೆ ಆರು ದಿನ ಬೇಕು. ದಾಖಲೆಗೆ ಹೆಸರಿನ ಮುಂದೆ ಮೂರು ಕಲಂ: ಓದಿತೇ, ಓದಿ ಅರ್ಥ ಹೇಳಿತೇ, ಕೇಳಿ ಅರ್ಥ ಹೇಳಿತೇ. ಮುಂದಿನ ಸಲ ಮೂರು ತಿಂಗಳ ಮೇಲೆ, ಇನ್ನೊಂದು ಮಾದರಿಯಲ್ಲಿ. ಅದಕ್ಕಿಂತ ಬೇಗ ಮಾಡಿದರೆ ಪ್ರಯೋಜನವಿಲ್ಲ, ನಾಲ್ಕೇ ಮೆಟ್ಟಿಲಿನ ಹಾಳೆಗೆ ಸಣ್ಣ ಪ್ರಗತಿ ಕಾಣಿಸುವುದಿಲ್ಲ.