ಹೊಸ ಸಂಚಿಕೆ ಬಂತು ಅಂತ ಮೇಲ್ ಬರುತ್ತದೆ, ಆಮೇಲೆ?

ಮಾಷ್ಟ್ರಿಕೆಯಿಂದ ರಿಟೈರ್ ಆಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲಿ ಕೂತ ಮೇಲೆ ಸಮಾಜ ವಿಜ್ಞಾನದ ಜರ್ನಲ್ ಓದುವ ಚಟ ಹತ್ತಿತು. ನಮ್ಮ ಕಡೆಯ ಅಳಿಯಕಟ್ಟಿನ (ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿ) ಬಗ್ಗೆ ಯಾರು ಏನು ಬರೆದಿದ್ದಾರೆ ನೋಡೋಣ ಅಂತ ಸುಮ್ನೆ ಶುರು ಮಾಡಿದ್ದು. ಐದು ವರ್ಷ ಆಯಿತು.

ಮೊದಲು ಪುಕ್ಕಟೆ ಸಿಗುವುದರ ಬಗ್ಗೆ. 'ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಶಿಯಾಲಜಿ' ಅಂತ ಒಂದು ಜರ್ನಲ್ ಇದೆ, 1957ರಲ್ಲಿ ಲೂಯಿ ಡ್ಯುಮೋ, ಡೇವಿಡ್ ಪೋಕಾಕ್ ಅನ್ನುವ ಇಬ್ಬರು ವಿದ್ವಾಂಸರು ಹುಟ್ಟುಹಾಕಿದ್ದು. ಇಂಥವಕ್ಕೆಲ್ಲ ಇಮೇಲ್ ಕೊಟ್ಟಿಟ್ಟರೆ ಹೊಸ ಸಂಚಿಕೆ ಬಂದಾಗ ಲೇಖನಗಳ ಪಟ್ಟಿ ಬರುತ್ತದೆ. ಸಾರಾಂಶವೂ ಓದಲು ಸಿಗುತ್ತದೆ. ಪೂರ್ತಿ ಲೇಖನಕ್ಕೆ ಮಾತ್ರ ಬೀಗ. ಪಕ್ಕದ ಮನೆಯ ಮದುವೆ ಊಟದ ಘಮ ಬರುತ್ತದೆ, ನಮಗೆ ಹೇಳಿಕೆ ಇಲ್ಲ, ಹಾಗೆ.

2025ರಿಂದ ಕೇಂದ್ರ ಸರಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆ, ಸರಕಾರಿ ವಿದ್ಯಾಸಂಸ್ಥೆಗಳಿಗೆಲ್ಲ ಒಟ್ಟಿಗೆ ಚಂದಾ ಕಟ್ಟುವ ಯೋಜನೆ, 13,000ಕ್ಕೂ ಜಾಸ್ತಿ ಜರ್ನಲ್. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಮಕ್ಕಳಿಗೆ ಅನುಕೂಲ. ಮನೆಯಲ್ಲಿ ಅಡಿಕೆ ಒಣಗಿಸುವವನಿಗೆ ಅದರಲ್ಲಿ ಪಾಲಿಲ್ಲ ಅಲ್ವಾ.

ನನ್ನಂಥವರಿಗೆ ಜೆಸ್ಟೋರ್ (ಜರ್ನಲ್‌ಗಳ ಆನ್‌ಲೈನ್ ಭಂಡಾರ) ಒಳ್ಳೆಯದು. ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಪುಕ್ಕಟೆ ಓದಬಹುದು, ಕೊರೊನಾಕ್ಕೆ ಮೊದಲು ಬರೀ 6 ಇತ್ತು. ಆದರೆ ಪರದೆಯ ಮೇಲೇ ಓದಬೇಕು, ಇಳಿಸಿಕೊಳ್ಳುವಂತಿಲ್ಲ, ಮತ್ತೆ ಬಹಳಷ್ಟು ಜರ್ನಲ್‌ಗಳ ಕೊನೆಯ ಮೂರರಿಂದ ಐದು ವರ್ಷದ ಸಂಚಿಕೆ ಅಲ್ಲಿರುವುದಿಲ್ಲ. ಹಾಗಾಗಿ ಹಳತಕ್ಕೆ ಜೆಸ್ಟೋರ್, ಹೊಸತಕ್ಕೆ ಲೇಖಕರಿಗೇ ಒಂದು ಮೇಲ್. ಇದು ನಾನು ತಡವಾಗಿ ಕಲಿತ ಉಪಾಯ. ನಾನು ಸಂಜೆ ಕೇಳಿದ್ದಕ್ಕೆ ಒಬ್ಬ ಲೇಖಕರು ಬೆಳಗ್ಗೆ ಪಿಡಿಎಫ್ ಕಳಿಸಿದ್ದರು, ಜತೆಗೆ ನಿಮ್ಮೂರಲ್ಲಿ ಇದನ್ನು ಓದುವವರಿದ್ದಾರಾ ಅಂತ ಆಶ್ಚರ್ಯ ಬೇರೆ. ಕಾಸರಗೋಡು ಪೇಟೆಯಲ್ಲಿ ಪ್ರಿಂಟ್ ತೆಗೆಸುವಾಗ ಅಂಗಡಿ ಹುಡುಗ 'ಮಾಷೇ, ಪರೀಕ್ಷಯುಂಡೋ?' ಅಂತ ಕೇಳಿದ. ಹೌದು ಅಂದೆ.

ದುಡ್ಡು ಕೊಟ್ಟು ತರಿಸಿದ್ದರ ಕತೆ ಬೇರೆ. ಹೆಸರು ಬೇಡ, ಒಂದು ಕನ್ನಡ ತ್ರೈಮಾಸಿಕಕ್ಕೆ ಮೂರು ವರ್ಷದ ಚಂದಾ ಕಟ್ಟಿದ್ದೆ. ಲೇಖನಗಳು ಚೆನ್ನಾಗಿರುತ್ತವೆ, ಗಡಿನಾಡಿನ ಸ್ಥಳನಾಮಗಳ ಬಗ್ಗೆ ಬಂದದ್ದನ್ನು ಎರಡು ಸಲ ಓದಿದೆ. ಆದರೆ ಜನವರಿಯದ್ದು ಮಳೆಗಾಲಕ್ಕೆ ಬರುತ್ತದೆ, ಒಮ್ಮೊಮ್ಮೆ ಎರಡನ್ನು ಸೇರಿಸಿ ಜೋಡಿ ಸಂಚಿಕೆ ಅನ್ನುತ್ತಾರೆ, ಪುಟ ಮಾತ್ರ ಒಂದರಷ್ಟೇ. ಲಕೋಟೆಯ ಮೇಲೆ ಪ್ರತಿ ಸಲ 'ಕಾಸರಗೋಡು ಜಿಲ್ಲೆ, ಕರ್ನಾಟಕ'. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ ಮಾರಾಯ್ರೇ! 671ರಿಂದ ಶುರುವಾಗುವ ಪಿನ್ ಇದ್ದದ್ದರಿಂದ ಮನೆ ಮುಟ್ಟುತ್ತದೆ. ಎರಡು ಸಲ ಕಾಗದ ಬರೆದೆ. ಉತ್ತರ ಬಂತು, ಅದರ ಮೇಲೂ ಕರ್ನಾಟಕ ಅಂತಲೇ ಇತ್ತು.

ಚಂದಾ ಬರುವ ತಿಂಗಳು ಮುಗಿಯುತ್ತದೆ. ಫಾರ್ಮಿನಲ್ಲಿ 'ಕೇರಳ' ಅಂತ ದಪ್ಪ ಅಕ್ಷರದಲ್ಲಿ ಬರೆದು ಇಟ್ಟಿದ್ದೇನೆ, ಇನ್ನೂ ಕಳಿಸಿಲ್ಲ.