ಯಾಸ್ಮಿನಾ ರೆಜಾ ಪುಸ್ತಕಗಳು: ನಾಟಕ ಕಣ್ಮುಚ್ಚಿ ತಗೊಳ್ಳಿ, ಕಾದಂಬರಿ ನೋಡ್ಕೊಂಡು ತಗೊಳ್ಳಿ

ಫ್ರೆಂಚ್ ನಾಟಕಗಾರ್ತಿ ಯಾಸ್ಮಿನಾ ರೆಜಾ ಬರೆದಿದ್ದು ಓದ್ಬೇಕು, ಎಲ್ಲಿಂದ ಶುರು ಮಾಡ್ಲಿ ಅನ್ನೋರು 'ಆರ್ಟ್' ನಾಟಕ ತಗೊಳ್ಳಿ, ಕ್ರಿಸ್ಟೋಫರ್ ಹ್ಯಾಂಪ್ಟನ್ ಮಾಡಿರೋ ಇಂಗ್ಲಿಷ್ ಅನುವಾದ. ಸಣ್ಣ ಪುಸ್ತಕ, ಕೂತ ಕಡೆ ಮುಗಿಯುತ್ತೆ. ಆದ್ರೆ ಮನಸ್ಸಲ್ಲೇ ಓದ್ಬೇಡಿ, ಬಾಯಿಬಿಟ್ಟು ಓದಿ, ಇನ್ನಿಬ್ರು ಸಿಕ್ಕಿದ್ರೆ ಪಾತ್ರ ಹಂಚ್ಕೊಂಡೇ ಓದಿ, ಯಾಕಂದ್ರೆ ಈಯಮ್ಮ ಬರೆಯೋಕೆ ಮುಂಚೆ ಸ್ಟೇಜ್ ಮೇಲೆ ನಿಂತು ಮಾತಾಡಿದೋರು, ಅದು ಪ್ರತಿ ಡೈಲಾಗಲ್ಲೂ ಗೊತ್ತಾಗುತ್ತೆ.

ಹುಟ್ಟಿದ್ದು 1959ರಲ್ಲಿ ಪ್ಯಾರಿಸಲ್ಲಿ, ಅಪ್ಪ ಇರಾನ್ ಮೂಲದ ಯಹೂದಿ, ಅಮ್ಮ ಹಂಗೇರಿಯಿಂದ ಬಂದ ವಯಲಿನ್ ವಾದಕಿ. ಜಾಕ್ ಲೆಕಾಕ್ ಅವರ ನಾಟಕ ಶಾಲೆಲಿ ಕಲಿತು, ಹಳೇ ಫ್ರೆಂಚ್ ನಾಟಕಕಾರರಾದ ಮೋಲಿಯೇರ್, ಮಾರಿವೋ ನಾಟಕಗಳಲ್ಲೆಲ್ಲ ಪಾರ್ಟ್ ಮಾಡಿ, ಆಮೇಲೆ ಬರೆಯೋಕೆ ಕೂತ್ರು. 1987ರ ಮೊದಲ ನಾಟಕಕ್ಕೇ ಫ್ರಾನ್ಸಿನ ಮೋಲಿಯೇರ್ ಪ್ರಶಸ್ತಿ ಬಂತು. ಹಂಗಂತ ನಟನೆನ ಪೂರ್ತಿ ಬಿಟ್ಟಿರ್ಲಿಲ್ಲ, 2000ದಲ್ಲಿ ತಾವೇ ಬರೆದ ಒಂದು ನಾಟಕದಲ್ಲಿ ಪ್ಯಾರಿಸಲ್ಲಿ ತಾವೇ ಆಕ್ಟ್ ಮಾಡಿದಾರೆ.

'ಆರ್ಟ್' ಮೊದಲು ಆಡಿದ್ದು 1994ರಲ್ಲಿ. ಕತೆ ಅಂತ ಹೇಳೋಕೆ ಏನೂ ಇಲ್ಲ. ಸೆರ್ಜ್ ಅನ್ನೋ ಚರ್ಮದ ಡಾಕ್ಟರು 2 ಲಕ್ಷ ಫ್ರಾಂಕ್ ಕೊಟ್ಟು ಒಂದು ಬಿಳಿ ಪೇಂಟಿಂಗ್ ತರ್ತಾನೆ, ಬಿಳಿ ಮೇಲೆ ಬಿಳಿ ಗೆರೆ ಅಷ್ಟೇ. ಗೆಳೆಯ ಮಾರ್ಕ್‌ಗೆ ಮೈಯೆಲ್ಲ ಉರಿಯುತ್ತೆ. ಮಧ್ಯೆ ಸಿಕ್ಕಾಕೊಳ್ಳೋನು ಇವಾನ್, ಪಾಪ ಇಬ್ರಿಗೂ ಹೌದು ಹೌದು ಅನ್ನೋ ಗಿರಾಕಿ. ಅವನು ಲೇಟಾಗಿ ಬಂದು ಮದುವೆ ಕಾರ್ಡಲ್ಲಿ ಮಲತಾಯಿ ಹೆಸರು ಹಾಕ್ಬೇಕಾ ಬೇಡ್ವಾ ಅನ್ನೋ ಜಗಳನ ಉಸಿರು ಬಿಡದೆ ಹೇಳ್ಕೊಳ್ಳೋ ಜಾಗ ಇದೆಯಲ್ಲ, ಅದನ್ನ ಓದೋವಾಗ ಎಲ್ಲಿ ಉಸಿರು ತಗೋಬೇಕು ಅಂತ ನಟಿಗೆ ಮಾತ್ರ ಗೊತ್ತಿರುತ್ತೆ ಅನ್ಸುತ್ತೆ, ನಗ್ತಾ ನಗ್ತಾ ಅವನ ಮೇಲೆ ಅಯ್ಯೋ ಅನ್ಸುತ್ತೆ. ಲಂಡನ್‌ನಲ್ಲಿ ವರ್ಷಗಟ್ಲೆ ಓಡ್ತು, 1998ರಲ್ಲಿ ಅಮೆರಿಕದ ನಾಟಕ ಪ್ರಶಸ್ತಿ ಟೋನಿನೂ ಬಂತು. ಜಗಳ ಪೇಂಟಿಂಗ್ ಬಗ್ಗೆ ಅಲ್ಲವೇ ಅಲ್ಲ ಅಂತ ಅರ್ಧಕ್ಕೇ ಗೊತ್ತಾಗೋಗುತ್ತೆ, ಆದ್ರೂ ಕೆಳಗಿಡೋಕಾಗಲ್ಲ.

ಎರಡನೇದು 'ಗಾಡ್ ಆಫ್ ಕಾರ್ನೇಜ್'. ಒಬ್ಬ ಹುಡುಗ ಇನ್ನೊಬ್ಬನಿಗೆ ಕೋಲಲ್ಲಿ ಹೊಡೆದು ಎರಡು ಹಲ್ಲು ಮುರಿದಿದಾನೆ, ಎರಡೂ ಕಡೆ ಅಪ್ಪ ಅಮ್ಮ ಸಭ್ಯವಾಗಿ ಮಾತಾಡಿ ಬಗೆಹರಿಸೋಣ ಅಂತ ಕೂರ್ತಾರೆ. ಸಭ್ಯತೆ ಎಷ್ಟೊತ್ತು ಇರುತ್ತೆ ಹೇಳಿ. ಲಾಯರ್ ಗಂಡನ ಫೋನು ಬಡ್ಕೊಳ್ತಾನೇ ಇರುತ್ತೆ, ಹೆಂಡ್ತಿ ಆರ್ಟ್ ಪುಸ್ತಕಗಳ ಮೇಲೆ ವಾಂತಿ ಮಾಡ್ಕೊಳ್ತಾಳೆ, ಬೀದಿಗೆ ಬಿಟ್ಟು ಬಂದ ಹ್ಯಾಮ್‌ಸ್ಟರ್ (ಇಲಿ ಥರದ ಸಾಕುಪ್ರಾಣಿ) ವಿಷಯಕ್ಕೆ ಗಂಡ ಹೆಂಡ್ತಿನೇ ಕಿತ್ತಾಡ್ತಾರೆ. ಇದಕ್ಕೂ 2009ರಲ್ಲಿ ಟೋನಿ. 2011ರ ಸಿನಿಮಾ ನೋಡಿದ್ರೂ ಪುಸ್ತಕ ಓದಿ.

ಈಗ ಕಾದಂಬರಿ. 'ಬ್ಯಾಬಿಲೋನ್' 2016ರಲ್ಲಿ ಫ್ರಾನ್ಸಿನ ರೆನೊಡೊ ಸಾಹಿತ್ಯ ಪ್ರಶಸ್ತಿ ತಗೊಂಡಿದ್ದು. ಪಾರ್ಟಿಲಿ ಕೋಳಿ ವಿಷಯಕ್ಕೆ ಒಬ್ಬ ತನ್ನ ಹೆಂಡ್ತಿನ ಗೇಲಿ ಮಾಡ್ತಾನೆ, ರಾತ್ರಿ ಮನೆಗೆ ಹೋದ್ಮೇಲೆ ಕೊಲೆ, ಆಮೇಲೆ ಬಂದು ಕೆಳಗಿನ ಫ್ಲೋರಿನ ಎಲಿಜಬೆತ್ ಬಾಗಿಲು ಬಡೀತಾನೆ. ಪಾರ್ಟಿ ಸೀನು ಸೂಪರ್, ಹೆಣ ಏನ್ ಮಾಡೋದು ಅನ್ನೋ ಒದ್ದಾಟನೂ ಚೆನ್ನಾಗಿದೆ, ಆದ್ರೆ ಎಲಿಜಬೆತ್ ಒಬ್ಳೇ ಹಳೇದೆಲ್ಲ ನೆನೆಸ್ಕೊಂಡು ಕೂರೋ ಪುಟಗಳು ನಂಗೆ ಎಳೆದಂಗಾಯ್ತು. ಎದುರುಗಡೆ ಯಾರೋ ಇದ್ದು ಮಾತಿಗೆ ಮಾತು ಬಂದಾಗ್ಲೇ ಈಯಮ್ಮನ ಬರವಣಿಗೆಗೆ ಜೀವ ಬರೋದು. 2021ರ 'ಸೆರ್ಜ್' ಕಾದಂಬರಿ ಇದಕ್ಕಿಂತ ಮೇಲು, ಯಹೂದಿ ಕುಟುಂಬದ ಅಣ್ಣ ತಮ್ಮ ತಂಗಿ ನಾಜಿಗಳು ಯಹೂದಿಗಳನ್ನ ಕೊಂದ ಆಶ್ವಿಟ್ಸ್ ಶಿಬಿರ ನೋಡೋಕೆ ಹೋಗಿ ಅಲ್ಲೂ ಕಚ್ಚಾಡ್ತಾರೆ. ಮೇಲು ಅಂದಿದ್ದು ಯಾಕಂದ್ರೆ ಈ ಪುಸ್ತಕದಲ್ಲಿ ಬಾಯಿ ಮುಚ್ಚೋರೇ ಇಲ್ಲ.

ಕೊಳ್ಳೋರಿಗೆ ಇನ್ನೊಂದು ಮಾತು. 'ಆರ್ಟ್' ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಗೀಚಿದಾರೆ ಅಂತ ವಾಪಸ್ ಇಡ್ಬೇಡಿ. ನಂಗೆ ಸಿಕ್ಕಿದ್ದು ಯಾರೋ ಮಾರ್ಕ್ ಪಾರ್ಟ್ ಮಾಡಿದೋರ ಕಾಪಿ ಇರ್ಬೇಕು, ಎಲ್ಲಿ ಸುಮ್ಮನೆ ನಿಲ್ಬೇಕು ಅಂತ ಪೆನ್ಸಿಲಲ್ಲಿ ಗುರುತು ಹಾಕಿದಾರೆ, ಜೋರಾಗಿ ಓದೋವಾಗ ಭಾರಿ ಉಪಯೋಗಕ್ಕೆ ಬಂತು.